ಎರಡು ದಡ, ಒಂದು ಕಲ್ಲಿನ ಸೇತುವೆ



ಸೈದಾಪೇಟೆಯ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನೀವು ಎಂದಾದರೂ ಕೆಳಗಿನ ಅಡ್ಯಾರ್ ನದಿಯನ್ನು ಗಮನಿಸಿದ್ದೀರಾ? ಇಲ್ಲವೆಂದೇ ಹೇಳುತ್ತೀರಿ. ನಾನೂ ಗಮನಿಸಿದವಳಲ್ಲ. ಸೇತುವೆಯ ಗುಣವೇ ಅಂಥದ್ದು. ಅದು ಚೆನ್ನಾಗಿ ಕೆಲಸ ಮಾಡುತ್ತಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯಲ್ಲಿ ಅಮ್ಮ ಇದ್ದ ಹಾಗೆ ಎಂದರೆ ನೀವು ನಗಬಾರದು!

ಇಂದು ನಿಮಗೆ ಒಂದು ಪುಟ್ಟ ಸೇತುವೆಯ ಕಥೆ ಹೇಳಬೇಕೆಂದಿದ್ದೇನೆ. ಅದು ನಮ್ಮ ದೇಶದ್ದಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಶಾರ್ಪ್ಸ್‌ಬರ್ಗ್ ಎಂಬ ಸಣ್ಣ ಊರಿದೆ. ರಾಜಧಾನಿ ವಾಷಿಂಗ್ಟನ್ನಿನಿಂದ ಸುಮಾರು 110 ಕಿಲೋಮೀಟರ್ ದೂರ. ಆ ಊರಿನ ಪಕ್ಕದಲ್ಲಿ ಹರಿಯುವ ಆ್ಯಂಟೀಟಮ್ ಎಂಬ ಹಳ್ಳದ ಮೇಲೆ ಈ ಸೇತುವೆ ಇದೆ. 2019ರ ಅಕ್ಟೋಬರಿನಲ್ಲಿ, ಅಲ್ಲಿ ಓದುತ್ತಿದ್ದ ನನ್ನ ಮಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅದನ್ನು ತೋರಿಸಿದ. ನಯಾಗರ ನೋಡಿದ್ದನ್ನು ಬರೆಯಿರಿ ಎಂದು ಸಂಘದ ಗೆಳತಿಯರು ಹೇಳಿದರು. ನಯಾಗರದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಸೇತುವೆ.

ರೈತರಿಗಾಗಿ ಕಟ್ಟಿದ್ದು

ನೋಡಲು ಅದರಲ್ಲಿ ವಿಶೇಷವೇನೂ ಇಲ್ಲ. ಸುಣ್ಣಕಲ್ಲಿನಿಂದ ಕಟ್ಟಿದ ಮೂರು ಕಮಾನುಗಳು, ಎರಡು ಕಡೆ ಸೊಂಟದೆತ್ತರದ ಕಲ್ಲುಗೋಡೆ. ಉದ್ದ 125 ಅಡಿ, ಅಗಲ ಬರೀ 12 ಅಡಿ. ನಮ್ಮ ಆಟೋಗಳು ಎರಡು ಎದುರುಬದುರು ಬಂದರೆ ಚಾಲಕರು ಪರಸ್ಪರ ಮುಖ ಗಂಟಿಕ್ಕಿಕೊಂಡೇ ದಾಟಬೇಕು, ಅಷ್ಟು ಕಿರಿದು. 1836ರಲ್ಲಿ ಜಾನ್ ವೀವರ್ ಎಂಬಾತ ಇದನ್ನು ಕಟ್ಟಿದ. ಹಳ್ಳದ ಆಚೆಯ ರೈತರು ತಮ್ಮ ದವಸಧಾನ್ಯ, ದನಕರುಗಳನ್ನು ಶಾರ್ಪ್ಸ್‌ಬರ್ಗಿಗೆ ತರಲು ಅನುಕೂಲವಾಗಲಿ ಎಂಬುದಷ್ಟೇ ಉದ್ದೇಶ. ಪಕ್ಕದಲ್ಲಿ ರೋರ್‌ಬಾಕ್ ಎಂಬ ಮನೆತನದವರ ಹೊಲವಿತ್ತು. ಹಾಗಾಗಿ ಜನ ಅದನ್ನು ರೋರ್‌ಬಾಕ್ ಸೇತುವೆ ಎಂದು ಕರೆದರು. ನಮ್ಮ ಕಡೆ ಪಟೇಲರ ಬಾವಿ, ಶಾನುಭೋಗರ ತೋಟ ಎನ್ನುವುದಿಲ್ಲವೇ, ಹಾಗೆ.

ಇಪ್ಪತ್ತಾರು ವರ್ಷಗಳ ಕಾಲ ಗಾಡಿಗಳು ಹೋದವು, ಬಂದವು. ಸೇತುವೆಯ ಹೆಸರು ಸುತ್ತಲಿನ ಊರುಗಳನ್ನು ದಾಟಿ ಹೋಗಲಿಲ್ಲ. ಆಮೇಲೆ ಒಂದೇ ದಿನದಲ್ಲಿ, ಸರಿಯಾಗಿ ಹೇಳಬೇಕೆಂದರೆ ಮೂರು ಗಂಟೆಗಳಲ್ಲಿ, ಅದು ಚರಿತ್ರೆಯ ಪುಟ ಸೇರಿತು.

1862ರ ಸೆಪ್ಟೆಂಬರ್ 17

ಅಮೆರಿಕದ ಅಂತರ್ಯುದ್ಧದ ವಿಷಯ ನೀವು ಶಾಲೆಯಲ್ಲಿ ಓದಿರುತ್ತೀರಿ. ಕರಿಯ ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಬಂದು ಬೇರೆ ದೇಶವಾಗುತ್ತೇವೆ ಎಂದವು. ಹಾಗೆ ಬಿಡುವುದಿಲ್ಲ ಎಂದು ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಉತ್ತರದ ಸರ್ಕಾರ ಹೋರಾಡಿತು. 1861ರಲ್ಲಿ ಆರಂಭವಾದ ಈ ಯುದ್ಧದ ಎರಡನೆಯ ವರ್ಷ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ತನ್ನ ಸೈನ್ಯದೊಂದಿಗೆ ಉತ್ತರದ ನೆಲಕ್ಕೇ ನುಗ್ಗಿದ. ಶಾರ್ಪ್ಸ್‌ಬರ್ಗಿನ ಬಳಿ, ಹಳ್ಳದ ಪಶ್ಚಿಮಕ್ಕೆ ಬೀಡುಬಿಟ್ಟ. ಪೂರ್ವಕ್ಕೆ ಜನರಲ್ ಮೆಕ್‌ಕ್ಲೆಲನ್ನನ ಉತ್ತರದ ಸೈನ್ಯ ಬಂದು ನಿಂತಿತು. ನಡುವೆ ಆ್ಯಂಟೀಟಮ್ ಹಳ್ಳ.

ಆ ದಿನ ಬೆಳಗಿನಿಂದಲೇ ಊರಿನ ಉತ್ತರದ ಜೋಳದ ಹೊಲಗಳಲ್ಲಿ ಭೀಕರ ಕಾಳಗ ನಡೆದಿತ್ತು. ದಕ್ಷಿಣ ತುದಿಯಲ್ಲಿದ್ದ ಈ ಸೇತುವೆಯನ್ನು ದಾಟುವ ಜವಾಬ್ದಾರಿ ಜನರಲ್ ಆ್ಯಂಬ್ರೋಸ್ ಬರ್ನ್‌ಸೈಡ್‌ನದು. ಕೆನ್ನೆಯ ಮೇಲೆ ಪೊದೆಯಂತೆ ಕೂದಲು ಬಿಟ್ಟಿದ್ದ ಮನುಷ್ಯ. ನೀವು ಸಲೂನಿನಲ್ಲಿ ಹೇಳುವ 'ಸೈಡ್‌ಬರ್ನ್ಸ್' ಎಂಬ ಪದ ಹುಟ್ಟಿದ್ದೇ ಇವನ ಹೆಸರನ್ನು ಹಿಂದುಮುಂದು ಮಾಡಿ! ಅವನ ಕೈಕೆಳಗೆ ಸುಮಾರು 12,500 ಸೈನಿಕರಿದ್ದರು. ಎದುರು ದಡದ ಕಡಿದಾದ ದಿಬ್ಬದ ಮೇಲೆ, ಮರಗಳ ಮರೆಯಲ್ಲಿ, ಹಳೆಯ ಕಲ್ಲುಗಣಿಯ ಹೊಂಡದಲ್ಲಿ ಅಡಗಿ ಕುಳಿತಿದ್ದವರು ಜಾರ್ಜಿಯಾ ರಾಜ್ಯದ ಸುಮಾರು 500 ಮಂದಿ. ಹೆಚ್ಚೇನು, ನಮ್ಮ ರಾಜ್ಯೋತ್ಸವದ ಊಟಕ್ಕೆ ಸೇರುವಷ್ಟು ಜನ.

ಈಗ ಪ್ರವಾಸಿಗರ ಕಾರು ನಿಲ್ಲುವುದು ಆ ದಿಬ್ಬದ ಮೇಲೆಯೇ. ಅಲ್ಲಿಂದ ಕೆಳಗೆ ನೋಡಿದರೆ ಸೇತುವೆ ಕಾಲಬುಡದಲ್ಲೇ ಇದ್ದಂತೆ ಕಾಣುತ್ತದೆ. ಅಷ್ಟು ದೂರಕ್ಕೆ ನಾನೇ ಕಲ್ಲು ಬೀರಬಲ್ಲೆ. ಬಂದೂಕು ಹಿಡಿದು ಕುಳಿತವನಿಗೆ ಇನ್ನೇನು ಕಷ್ಟ? ಹನ್ನೆರಡು ಅಡಿ ಅಗಲದ ಆ ದಾರಿಯಲ್ಲಿ ಎಷ್ಟೇ ದೊಡ್ಡ ಸೈನ್ಯವಾದರೂ ನಾಲ್ಕಾರು ಜನರ ಸಾಲಿನಲ್ಲೇ ಬರಬೇಕು. 12,500 ಜನರ ಬಲವೆಲ್ಲ ಸೇತುವೆಯ ಬಾಯಲ್ಲಿ ಸೂಜಿಗೆ ದಾರ ಪೋಣಿಸಿದಂತಾಯಿತು.

ಬೆಳಗ್ಗೆ ಹತ್ತರ ಹೊತ್ತಿಗೆ ಅಪ್ಪಣೆ ಬಂತು. ಮೊದಲ ಸಲ ಹೊರಟ ಕರ್ನಲ್ ಕ್ರೂಕ್‌ನ ಓಹಾಯೋ ದಳ ದಾರಿ ತಪ್ಪಿ ಸೇತುವೆಯ ಬದಲು ಹಳ್ಳದ ಮೇಲ್ಭಾಗಕ್ಕೆ ಹೋಗಿ ಸೇರಿತು. ಅವರಿಗೆ ರಕ್ಷಣೆಯಾಗಿ ಮುನ್ನುಗ್ಗಿದ್ದ ಕನೆಕ್ಟಿಕಟ್‌ನ 11ನೇ ದಳ ಒಂಟಿಯಾಗಿ ಗುಂಡಿಗೆ ಎದೆಯೊಡ್ಡಿ ಸುಮಾರು 139 ಜನರನ್ನು ಕಳೆದುಕೊಂಡಿತು. ಆ ದಳದ ನಾಯಕ ಕರ್ನಲ್ ಹೆನ್ರಿ ಕಿಂಗ್ಸ್‌ಬರಿ. ಮೈಗೆ ಹಲವು ಗುಂಡುಗಳು ತಗಲಿ ಬಿದ್ದ. ಮರುದಿನ ತೀರಿಕೊಂಡ.

ಷಡ್ಡಕರು

ಇಲ್ಲಿ ಸ್ವಲ್ಪ ನಿಲ್ಲಿ, ಮಕ್ಕಳೇ. ಎದುರು ದಿಬ್ಬದ ಜಾರ್ಜಿಯಾ ಸೈನಿಕರನ್ನೂ ಒಳಗೊಂಡಂತೆ ಆ ಭಾಗದ ದಕ್ಷಿಣದ ಸೈನ್ಯಕ್ಕೆಲ್ಲ ಅಧಿಪತಿಯಾಗಿದ್ದವನು ಜನರಲ್ ಡೇವಿಡ್ ಜೋನ್ಸ್. ಈ ಜೋನ್ಸ್‌ನ ಹೆಂಡತಿ ರೆಬೆಕಾ. ಕಿಂಗ್ಸ್‌ಬರಿಯ ಹೆಂಡತಿ ಈವಾ. ಇವರಿಬ್ಬರೂ ಒಡಹುಟ್ಟಿದ ಅಕ್ಕತಂಗಿಯರು!

ಅಲ್ಲಿನ ಪುಸ್ತಕಗಳಲ್ಲಿ ಇದನ್ನು 'ಬ್ರದರ್ ಇನ್ ಲಾ' ಎಂದು ಬರೆದಿರುತ್ತಾರೆ. ನಾನು ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು. ಆ ಭಾಷೆಯ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಸಂಬಂಧದ ವಿಷಯದಲ್ಲಿ ಅದು ಬಡವಾಯಿತು. ಭಾವನಿಗೂ ಅದೇ ಪದ, ಮೈದುನನಿಗೂ ಅದೇ ಪದ. ನಮ್ಮಲ್ಲಿ ಅಕ್ಕತಂಗಿಯರ ಗಂಡಂದಿರಿಗೆಂದೇ ಒಂದು ಪದವಿದೆ, 'ಷಡ್ಡಕ'. ನೀವು ಬೀದಿಯಲ್ಲಿ ಆಡುವ ತಮಿಳಿನಲ್ಲಿ ಅದು 'ಸಗಲೈ'. ಮದುವೆಮನೆಯಲ್ಲಿ ಷಡ್ಡಕರಿಬ್ಬರು ಒಂದೇ ಪಂಕ್ತಿಯಲ್ಲಿ ಕುಳಿತು ಮಾವನನ್ನು ಗೇಲಿ ಮಾಡುತ್ತಾ ಹೋಳಿಗೆ ತಿನ್ನುವುದನ್ನು ನೀವು ನೋಡಿದ್ದೀರಿ. ಆ ಇಬ್ಬರನ್ನು ಹಳ್ಳದ ಆಚೆ ಒಬ್ಬ, ಈಚೆ ಒಬ್ಬ ನಿಲ್ಲಿಸಿ ನೋಡಿ. ಆಗ ಅರ್ಥವಾಗುತ್ತದೆ, ಅಂತರ್ಯುದ್ಧ ಎಂದರೇನೆಂದು.

ಇನ್ನೊಂದು ಮಾತೂ ಇದೆ. ತಂದೆ ತೀರಿಕೊಂಡ ಮೇಲೆ ಕಿಂಗ್ಸ್‌ಬರಿಗೆ ಪಾಲಕನಾಗಿದ್ದವನು ಬೇರೆ ಯಾರೂ ಅಲ್ಲ, ಇದೇ ಬರ್ನ್‌ಸೈಡ್. ಅಂದರೆ ಸ್ವಂತ ಮಗನಂತಿದ್ದ ಹುಡುಗ ಅವನ ಸೈನ್ಯದಲ್ಲೇ ಮುಂದೆ ನಡೆದು ಬಿದ್ದ. ಆಚೆ ದಡದ ಜೋನ್ಸ್ ಹೃದಯದ ಕಾಯಿಲೆಯಿಂದ 1863ರ ಜನವರಿಯಲ್ಲಿ ಕಣ್ಣುಮುಚ್ಚಿದ. ನಾಲ್ಕೇ ತಿಂಗಳಲ್ಲಿ ಅಕ್ಕತಂಗಿಯರಿಬ್ಬರೂ ವಿಧವೆಯರಾದರು. ಗೆದ್ದವರ ಕಡೆ ಒಬ್ಬಳು, ಸೋತವರ ಕಡೆ ಒಬ್ಬಳು ಎನ್ನಲು ಬರುತ್ತದೆಯೇ?

ನೀರಿಗೆ ಇಳಿಯಬಹುದಿತ್ತೇ?

ಎರಡನೆಯ ಸಲ ಮೇರಿಲ್ಯಾಂಡ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಸೈನಿಕರು ಹಳ್ಳದ ಪಕ್ಕದ ರಸ್ತೆಯಲ್ಲಿ ಓಡಿಬಂದರು. ಸೇತುವೆ ಮುಟ್ಟುವ ಮೊದಲೇ ಅವರ ಸಾಲುಗಳು ಚದುರಿಹೋದವು. ಮೂರನೆಯ ಸಲ ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾದ 51ನೇ ದಳಗಳ ಸರದಿ. ಪೆನ್ಸಿಲ್ವೇನಿಯಾದವರಿಗೆ ಶಿಕ್ಷೆಯಾಗಿ ಕೆಲವು ದಿನಗಳಿಂದ ವಿಸ್ಕಿ ನಿಲ್ಲಿಸಲಾಗಿತ್ತಂತೆ. ಸೇತುವೆ ಹಿಡಿಯಿರಿ ಎಂದು ಮೇಲಧಿಕಾರಿ ಹೇಳಿದಾಗ ಒಬ್ಬ ಕಾರ್ಪೊರಲ್, ಹಾಗಾದರೆ ನಮ್ಮ ವಿಸ್ಕಿ ವಾಪಸು ಕೊಡುತ್ತೀರಾ ಎಂದು ಕೇಳಿಯೇಬಿಟ್ಟನಂತೆ. ಕೊಡುತ್ತೇನೆ ಎಂಬ ಉತ್ತರವೂ ಬಂತು. ಸಾವಿನ ಬಾಗಿಲಲ್ಲೂ ಮನುಷ್ಯ ಮನುಷ್ಯನೇ! ಮಧ್ಯಾಹ್ನ ಒಂದರ ಸುಮಾರಿಗೆ ಈ ಎರಡು ದಳಗಳು ಸೇತುವೆ ದಾಟಿದವು. ಅಷ್ಟರಲ್ಲಿ ದಿಬ್ಬದ ಮೇಲಿನವರ ಮದ್ದುಗುಂಡು ಮುಗಿಯುತ್ತ ಬಂದಿತ್ತು. ಕೆಳಭಾಗದ ಸ್ನೇವ್ಲಿ ಕಡವಿನಲ್ಲಿ ಜನರಲ್ ರಾಡ್‌ಮನ್‌ನ ತುಕಡಿಯೂ ನೀರಿಗಿಳಿದು ದಾಟಿತ್ತು. ಜಾರ್ಜಿಯಾದವರು ಹಿಂದೆ ಸರಿದರು. ಈ 125 ಅಡಿಗಾಗಿ ಉತ್ತರದ ಸುಮಾರು 500 ಜನ ಸತ್ತರು ಅಥವಾ ಗಾಯಗೊಂಡರು.

ಹಳ್ಳದ ಅಗಲ ಸುಮಾರು 50 ಅಡಿ. ಆಳ ಹಲವೆಡೆ ಸೊಂಟದ ಮಟ್ಟ. ಹಾಗಿರುವಾಗ ಸೇತುವೆಯೇ ಏಕೆ ಬೇಕಿತ್ತು, ನೀರಿಗಿಳಿದು ದಾಟಬಹುದಿತ್ತಲ್ಲ ಎಂದು ಅಂದಿನಿಂದ ಇಂದಿನವರೆಗೂ ಜನ ಬರ್ನ್‌ಸೈಡ್‌ನನ್ನು ಹಾಸ್ಯ ಮಾಡುತ್ತಾರೆ. ಕ್ರೂಕ್‌ನ ಕೆಲವು ಸೈನಿಕರು ಮೇಲ್ಭಾಗದಲ್ಲಿ ಹಾಗೆಯೇ ದಾಟಿದರು ಎಂಬುದೂ ನಿಜ. ಆದರೆ ಸೇತುವೆಯ ಬಳಿ ನೀರಿಗಿಳಿದ ಕ್ಯಾಪ್ಟನ್ ಗ್ರಿಸ್ವೋಲ್ಡ್ ಎಂಬ ಯುವಕ ಗುಂಡೇಟು ತಿಂದು ಆಚೆ ದಡ ತಲುಪಿ ಪ್ರಾಣ ಬಿಟ್ಟ ಎಂಬುದೂ ಅಷ್ಟೇ ನಿಜ. ದಡದಲ್ಲಿ ನಿಂತು ಈಜು ಹೇಳಿಕೊಡುವುದು ಸುಲಭ. ಆದರೂ ದೂರದಲ್ಲಿ ದಾರಿಗಳಿದ್ದವು. ಅವನ್ನು ಮೊದಲೇ ಸರಿಯಾಗಿ ಹುಡುಕಿ ಇಟ್ಟಿರಲಿಲ್ಲ. ಎಲ್ಲರ ಕಣ್ಣೂ ಸೇತುವೆಯ ಮೇಲೆಯೇ ನೆಟ್ಟಿತ್ತು. ಹಟ ಹಿಡಿದಾಗ ನಮ್ಮೆಲ್ಲರಿಗೂ ಆಗುವುದು ಇದೇ ಅಲ್ಲವೇ?

ಸೇತುವೆ ಸಿಕ್ಕಿದ ಮೇಲೂ ಕಷ್ಟ ತಪ್ಪಲಿಲ್ಲ. ಸೈನಿಕರು, ಫಿರಂಗಿ, ಮದ್ದುಗುಂಡಿನ ಗಾಡಿ ಎಲ್ಲವೂ ಆ ಕಿರಿದಾದ ದಾರಿಯಲ್ಲೇ ದಾಟಬೇಕು. ಅದಕ್ಕೆ ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಹಾರ್ಪರ್ಸ್ ಫೆರಿಯಿಂದ ಸುಮಾರು 27 ಕಿಲೋಮೀಟರ್ ದಾಪುಗಾಲಿನಲ್ಲಿ ನಡೆದು ಬಂದ ದಕ್ಷಿಣದ ಜನರಲ್ ಎ.ಪಿ. ಹಿಲ್‌ನ ಸೈನ್ಯ ಪಕ್ಕದಿಂದ ಮೇಲೆರಗಿತು. ಬರ್ನ್‌ಸೈಡ್‌ನವರು ಮತ್ತೆ ಸೇತುವೆಯ ಹತ್ತಿರಕ್ಕೇ ಹಿಂದಿರುಗಿದರು. ಕಡವು ದಾಟಿಸಿದ್ದ ರಾಡ್‌ಮನ್ ಅಲ್ಲಿ ಗುಂಡು ತಗಲಿ ಹದಿಮೂರು ದಿನ ನರಳಿ ಸತ್ತ.

ಸಂಜೆಯಾಗುವಷ್ಟರಲ್ಲಿ ಆ ರಣರಂಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 23,000. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ರಕ್ತ ಹರಿದ ದಿನ ಇನ್ನೊಂದಿಲ್ಲ. ಲೀ ತನ್ನ ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೋದ. ಐದು ದಿನಗಳ ನಂತರ, ಸೆಪ್ಟೆಂಬರ್ 22ರಂದು, ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದರು. 1863ರ ಜನವರಿ 1ರಿಂದ ಅದು ಜಾರಿಗೆ ಬಂತು. ಆ ಹಳ್ಳದಲ್ಲಿ ಹರಿದ ರಕ್ತ ಪೂರ್ತಿ ವ್ಯರ್ಥವಾಗಲಿಲ್ಲ ಎನ್ನಲು ಇದೊಂದು ಸಮಾಧಾನ.

ಕಾಫಿ ಕೊಟ್ಟವನಿಗೂ ಒಂದು ಕಲ್ಲು

ಸೇತುವೆಯ ಹತ್ತಿರ ನಿಲ್ಲಿಸಿರುವ ಸ್ಮಾರಕಗಳಲ್ಲಿ ಒಂದು ನನ್ನ ಮನಸ್ಸು ಗೆದ್ದಿತು. ಓಹಾಯೋದ 23ನೇ ದಳದಲ್ಲಿ ಊಟ ತಿಂಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹತ್ತೊಂಬತ್ತು ವರ್ಷದ ಸಾರ್ಜೆಂಟ್ ಒಬ್ಬ, ಬೆಳಗಿನಿಂದ ಹಸಿದಿದ್ದ ಸೈನಿಕರಿಗೆ ಗುಂಡಿನ ಮಳೆಯ ನಡುವೆಯೇ ಬಿಸಿ ಕಾಫಿ, ಊಟ ತೆಗೆದುಕೊಂಡು ಹೋದ. ಹೆಸರು ವಿಲಿಯಂ ಮೆಕಿನ್ಲಿ. ಮುಂದೆ 1897ರಲ್ಲಿ ಅಮೆರಿಕದ ಅಧ್ಯಕ್ಷನಾದ. ಅಧ್ಯಕ್ಷನಾದ್ದರಿಂದ ಸ್ಮಾರಕ ನಿಂತಿತು ಎನ್ನುವುದು ಬೇರೆ ಮಾತು. ಕಾಫಿ ಬಡಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿದ್ದನ್ನು ನಾನು ಮೊದಲ ಸಲ ಕಂಡೆ. ಮೂವತ್ತು ವರ್ಷಗಳಿಂದ ಬೆಳಗ್ಗೆ ಎದ್ದು ಡಿಕಾಕ್ಷನ್ ಇಳಿಸುತ್ತಿರುವ ನನಗೆ ಸಂತೋಷವಾಗದಿದ್ದೀತೇ!

ಆದರೆ ಸೇತುವೆಯ ಹೆಸರು ಮಾತ್ರ ಬದಲಾಗಿಬಿಟ್ಟಿತು. ಅಂದಿನಿಂದ ಅದು ಬರ್ನ್‌ಸೈಡ್ ಸೇತುವೆ. ಕಟ್ಟಿದ ವೀವರ್ ಇಲ್ಲ, ಹೊಲದ ರೋರ್‌ಬಾಕ್ ಇಲ್ಲ, ಕಾದ ಜಾರ್ಜಿಯಾದವರಿಲ್ಲ, ಮೂರು ಗಂಟೆ ದಾಟಲಾಗದೆ ಒದ್ದಾಡಿದ ಸೇನಾಪತಿಯ ಹೆಸರು ಉಳಿಯಿತು. ನಮ್ಮಲ್ಲೂ ಹೀಗಾಗಿದೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿಯ ಮೇಲಿನ ಹಳೆಯ ಕಲ್ಲುಕಂಬಗಳ ಸೇತುವೆ ನೋಡಿ. ಟಿಪ್ಪು ಮಡಿದ 1799ರ ಯುದ್ಧದ ಕೆಲವೇ ವರ್ಷಗಳ ನಂತರ, 1804ರಲ್ಲಿ ದಿವಾನ್ ಪೂರ್ಣಯ್ಯನವರು ಅದನ್ನು ಕಟ್ಟಿಸಿದರು. ಕಲ್ಲು ನಮ್ಮದು, ಕೈ ನಮ್ಮದು. ಹೆಸರು ಮಾತ್ರ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯದು!

ಸಾಕ್ಷಿಯ ಮರ

ಸೇತುವೆಯ ಒಂದು ತುದಿಯಲ್ಲಿ ಭಾರಿ ಸಿಕಮೋರ್ ಮರವೊಂದಿದೆ. ಕದನವಾದ ಕೆಲವೇ ದಿನಗಳಲ್ಲಿ ಅಲೆಕ್ಸಾಂಡರ್ ಗಾರ್ಡ್‌ನರ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಅದು ಎಳೆಯ ಮರವಾಗಿ ಕಾಣುತ್ತದೆ. ಅಂದು ಅಲ್ಲಿದ್ದವರಲ್ಲಿ ಇಂದಿಗೂ ಉಸಿರಾಡುತ್ತಿರುವುದು ಅದೊಂದೇ. ಯುದ್ಧ ಮುಗಿದ ಮೇಲೆ ಸೇತುವೆ ಮತ್ತೆ ತನ್ನ ಹಳೆಯ ಕೆಲಸಕ್ಕೆ ಮರಳಿತು. 1966ರವರೆಗೂ ಅದರ ಮೇಲೆ ವಾಹನಗಳು ಓಡಾಡುತ್ತಿದ್ದವು ಎಂದರೆ ನಂಬುತ್ತೀರಾ? ಮೂರು ಗಂಟೆ ರಣರಂಗ, ನೂರಕ್ಕೂ ಹೆಚ್ಚು ವರ್ಷ ಬರೀ ಸೇತುವೆ. 2014ರಲ್ಲಿ ಗೋಡೆಯ ಒಂದು ಭಾಗ ಕುಸಿದಾಗ ಅಚ್ಚುಕಟ್ಟಾಗಿ ದುರಸ್ತಿ ಮಾಡಿಸಿದ್ದಾರೆ.

ನಾವು ನಡುಸೇತುವೆಯಲ್ಲಿ ನಿಂತಿದ್ದಾಗ ಮಗ ಕೇಳಿದ, "ಅಮ್ಮಾ, ಷಡ್ಡಕ ಅಂದೆಯಲ್ಲ, ಅಪ್ಪನಿಗೆ ದೊಡ್ಡಪ್ಪ ಅದೇ ಆಗಬೇಕಾ?" ಹೌದೆಂದೆ. ಅವನು ಸುಮ್ಮನಾದ. ಏಕೆಂದು ನನಗೆ ಗೊತ್ತಿತ್ತು.

ನನ್ನ ಅಕ್ಕನನ್ನು ಮಂಡ್ಯದ ಕಡೆ ಕೊಟ್ಟಿದೆ. ನಾಲೆಯ ನೀರಿನ ಗದ್ದೆ. ನಾನು ಮದುವೆಯಾಗಿ ಚೆನ್ನೈಗೆ ಬಂದವಳು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದದ್ದು ನಿಮಗೂ ನೆನಪಿರಬಹುದು. ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. ಇಲ್ಲಿಯೂ ನಮ್ಮವರ ಹೋಟೆಲಿನ ಮೇಲೆ ದಾಳಿಯಾಯಿತು. ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತಿತು. ಆಗ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಕ್ಕನ ಮಗ ಏನೋ ಕಟುವಾಗಿ ಬರೆದ. ಗದ್ದೆ ಒಣಗುತ್ತಿದ್ದವನ ಸಂಕಟ. ನನ್ನ ಮಗ ಅಷ್ಟೇ ಕಟುವಾಗಿ ಉತ್ತರಿಸಿದ. ಪಕ್ಕದ ಮನೆಯ ತಂಜಾವೂರಿನವರ ಒಣಗಿದ ಗದ್ದೆಯನ್ನು ಅವನೂ ಕಂಡಿದ್ದ. ದೊಡ್ಡಮ್ಮನ ಮಗನೆಂದರೆ ನಮ್ಮ ಲೆಕ್ಕದಲ್ಲಿ ಒಡಹುಟ್ಟಿದ ಅಣ್ಣನೇ. ಆ ಅಣ್ಣತಮ್ಮಂದಿರು ಮೂರು ವರ್ಷ ಮಾತು ಬಿಟ್ಟರು. ನಾವು ಅಕ್ಕತಂಗಿಯರು ಮಾತ್ರ ದಿನವೂ ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತಿದ್ದೆವು. ನದಿಯ ಮಾತೇ ಎತ್ತುತ್ತಿರಲಿಲ್ಲ. "ಏನೇ ಅಡುಗೆ?" "ಸೊಪ್ಪಿನ ಸಾರು ಕಣೆ." ಅಷ್ಟೇ. ನನ್ನ ಮಗ ನಗುತ್ತಿದ್ದ, ದಿನಾ ಇದೇನು ಮಾತಮ್ಮ ಎಂದು. ಈ ಸೇತುವೆ ನೋಡಿದ ಮೇಲೆ ನನಗೂ ಅರ್ಥವಾಯಿತು. ಗಾಡಿಗಳು ದಿನವೂ ಹೋಗಿಬರುತ್ತಿರುವಷ್ಟು ಕಾಲ ಅದು ಸೇತುವೆ. ಹೋಗಿಬರುವುದು ನಿಂತ ದಿನ ಅದೇ ಕಲ್ಲು ಕೋಟೆಯಾಗುತ್ತದೆ.

ಅಂದು ರಾತ್ರಿ ಮಗ ತಾನಾಗಿಯೇ ಆ ಸೇತುವೆಯ ಚಿತ್ರವನ್ನು ಅಣ್ಣನಿಗೆ ಕಳಿಸಿದ. ಷಡ್ಡಕರ ಕಥೆಯನ್ನೂ ನಾಲ್ಕು ಸಾಲಿನಲ್ಲಿ ಬರೆದ. ಅಲ್ಲಿ ರಾತ್ರಿಯೆಂದರೆ ಮಂಡ್ಯದಲ್ಲಿ ಬೆಳಗಿನ ಜಾವ, ಹಾಲು ಕರೆಯುವ ಹೊತ್ತು. ಉತ್ತರ ಬಂತು. ಕ್ಷಮೆಯೂ ಇಲ್ಲ, ಯೋಗಕ್ಷೇಮವೂ ಇಲ್ಲ. ರೈತನ ಪ್ರಶ್ನೆ.

"ಹಳ್ಳ ಎಷ್ಟು ಆಳ ಇತ್ತೋ?"

"ಸೊಂಟದ ಮಟ್ಟ ಕಣೋ."

ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂತು. "ಹಾಗಾದ್ರೆ ದಾಟಬಹುದಿತ್ತಲ್ಲೋ!"

ಕಾವೇರಿಯ ಲೆಕ್ಕವನ್ನು ಅವರಿಬ್ಬರೂ ಇನ್ನೂ ಒಪ್ಪಿಲ್ಲ. ಫೋನಿನಲ್ಲಿ ಈಗಲೂ ಜಗಳವಾಡುತ್ತಾರೆ. ಆಡಲಿ ಬಿಡಿ, ಮಾತಾದರೂ ಇದೆಯಲ್ಲ.

ಯುವ ಗೆಳೆಯರೇ, ನಿಮಗೆ ಷಡ್ಡಕನೂ ಗೊತ್ತು, ಸಗಲೈಯೂ ಗೊತ್ತು. ಒಂದೇ ದಡ ಕಂಡವರಿಗೆ ಇಲ್ಲದ ಭಾಗ್ಯ ಅದು. ಊರಿನಲ್ಲಿ ನೀವು ಮಾತು ಬಿಟ್ಟ ಅಣ್ಣನೋ ಅಕ್ಕನೋ ಇದ್ದರೆ ಇವತ್ತು ರಾತ್ರಿ ಒಂಬತ್ತಕ್ಕೆ ಒಂದು ಫೋನು ಮಾಡಿ. ಏನು ಮಾತಾಡುವುದು ಎಂದು ತೋಚದಿದ್ದರೆ, ಏನು ಅಡುಗೆ ಎಂದು ಕೇಳಿ. ಅಷ್ಟು ಸಾಕು.